ಕೆರೆ ಅದೇ, ತಳ ಬೇರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬೇಸಿಗೆ ರಜೆ ಶುರುವಾಗಿದೆ. ಹಾಸನದ ಸುತ್ತಮುತ್ತ ಯಾವ ಊರಿಗೆ ಹೋದರೂ ಮಧ್ಯಾಹ್ನದ ಹೊತ್ತಿಗೆ ಹುಡುಗರು ಮನೆಯಲ್ಲಿ ಸಿಗುವುದಿಲ್ಲ. ಕೆರೆ ಏರಿ ಮೇಲೆ ಸೈಕಲ್ಲುಗಳು ನಿಂತಿರುತ್ತವೆ. ಪಕ್ಕದಲ್ಲಿ ಚಪ್ಪಲಿ, ಅಂಗಿ, ಚಡ್ಡಿ. ಅದನ್ನು ನೋಡಿದ ದೊಡ್ಡವರು ಏನಂತಾರೆ? "ನಾವೂ ಇದೇ ಕೆರೇಲಿ ಬಿದ್ದು ಎದ್ದು ಈಜು ಕಲಿತವರು, ಏನೂ ಆಗಲ್ಲ ಬಿಡಿ" ಅಂತಾರೆ. ಇವತ್ತು ನನ್ನ ತಕರಾರು ಇರುವುದು ಈ ಮಾತಿನ ಮೇಲೆ. ಅವರು ಈಜಿದ ಕೆರೆ ಈಗ ಇಲ್ಲ. ಹೆಸರು ಅದೇ, ಏರಿ ಅದೇ, ತೂಬು ಅದೇ. ನೀರಿನ ಕೆಳಗಿನ ನೆಲ ಮಾತ್ರ ಬದಲಾಗಿದೆ.

ಹಳೆಯ ಕೆರೆಗಳ ತಳ ನಿಧಾನವಾಗಿ ಇಳಿಯುತ್ತಾ ಹೋಗುತ್ತಿತ್ತು. ಕೆರೆಯಂಗಳದ ಕಡೆಯಿಂದ ಇಳಿದರೆ ಮೊದಲು ಪಾದ ಮುಳುಗುತ್ತಿತ್ತು, ಆಮೇಲೆ ಮೊಣಕಾಲು, ಆಮೇಲೆ ಸೊಂಟ. ಆಳ ಇರುತ್ತಿದ್ದುದು ಏರಿ ಪಕ್ಕ, ತೂಬಿನ ಮುಂದೆ. ದನ ತೊಳೆಯುವವರಿಗೂ ಬಟ್ಟೆ ಒಗೆಯುವವರಿಗೂ ಇದು ಗೊತ್ತಿತ್ತು. ಚಿಕ್ಕ ಹುಡುಗರು ಎಲ್ಲಿವರೆಗೆ ಹೋಗಬಹುದು ಅಂತ ಯಾರಾದರೂ ಒಬ್ಬರು ದಡದಿಂದಲೇ ಕೂಗಿ ಹೇಳುತ್ತಿದ್ದರು. ಈಗ ಕೆರೆಗೆ ಜೆಸಿಬಿ ಇಳಿಯುತ್ತದೆ, ಹಿಟಾಚಿ ಇಳಿಯುತ್ತದೆ. ಗೋಡು ಮಣ್ಣು ತೋಟಕ್ಕೆ ಹೋಗುತ್ತದೆ, ಇಟ್ಟಿಗೆ ಗೂಡಿಗೆ ಹೋಗುತ್ತದೆ, ಲೇಔಟಿಗೂ ಹೋಗುತ್ತದೆ. ಹೂಳೆತ್ತುವುದು ಒಳ್ಳೆಯ ಕೆಲಸ, ಅದಕ್ಕೆ ನನ್ನ ವಿರೋಧ ಇಲ್ಲ. ಆದರೆ ಸಮನಾಗಿ ಎತ್ತುವವರು ಕಡಿಮೆ. ಟ್ರ್ಯಾಕ್ಟರ್ ನಿಲ್ಲಿಸಲು ಎಲ್ಲಿ ಸಲೀಸೋ ಅಲ್ಲೇ ತೋಡುತ್ತಾರೆ. ದಡದಿಂದ ನಾಲ್ಕು ಹೆಜ್ಜೆಗೆ ನೇರ ಗೋಡೆಯ ಗುಂಡಿ ಬೀಳುತ್ತದೆ. ಮಳೆ ಬಂದು ಕೆರೆ ತುಂಬಿದ ಮೇಲೆ ಮೇಲಿಂದ ನೋಡಿದರೆ ಎಲ್ಲ ಒಂದೇ ಸಮ. ಸೊಂಟದ ನೀರಲ್ಲಿ ಆಡುತ್ತಿದ್ದ ಹುಡುಗನ ಮುಂದಿನ ಹೆಜ್ಜೆಗೆ ನೆಲ ಸಿಗುವುದಿಲ್ಲ. ವಾಪಸ್ ಹತ್ತೋಣ ಅಂದರೆ ಗುಂಡಿಯ ಅಂಚಿನ ಮಣ್ಣು ಕೈಗೆ ಕಿತ್ತು ಬರುತ್ತದೆ.

ಹೂಳೆತ್ತಿದ ಕೆರೆಯಲ್ಲಿ ಗುಂಡಿ ಎಲ್ಲೆಲ್ಲಿದೆ ಅಂತ ನೀರು ಬರುವ ಮುಂಚೆಯೇ ಗಳ ನೆಟ್ಟು, ಕೆಂಪು ಬಟ್ಟೆ ಕಟ್ಟಿದರೆ ಪಂಚಾಯಿತಿಗೆ ಎಷ್ಟು ಖರ್ಚಾದೀತು? ಅಂಚುಗಳನ್ನು ಇಳಿಜಾರು ಮಾಡಿ ಕೊಡಿ ಅಂತ ಮಣ್ಣು ಎತ್ತುವವರಿಗೆ ಮೊದಲೇ ಷರತ್ತು ಹಾಕಬಹುದಲ್ವಾ? ಗ್ರಾಮಸಭೆಯಲ್ಲಿ ಕೇಳಿ. ಬೀದಿದೀಪ, ಚರಂಡಿ ಬಗ್ಗೆ ಕೇಳುತ್ತೀರಿ, ಇದನ್ನೂ ಕೇಳಿ.

ಇನ್ನು ಕೃಷಿ ಹೊಂಡ. ಹೊಲದಲ್ಲಿ ಮಳೆನೀರು ಹಿಡಿದಿಡುವ ಹೊಂಡ ತೋಡಲು ಸಹಾಯಧನ ಕೊಡುವ ಕೃಷಿ ಭಾಗ್ಯ ಯೋಜನೆ ಬಂದದ್ದು 2014ರಲ್ಲಿ. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು ಕಡೆಯ ಬಯಲುಸೀಮೆಯಲ್ಲಿ ಎಷ್ಟೋ ಹೊಲಗಳಿಗೆ ಹೊಂಡ ಬಂತು. ಒಂದೆರಡು ಮಳೆ ಕೈಕೊಟ್ಟರೂ ಬೆಳೆ ಉಳಿಯಿತು. ಆದರೆ ಈ ಹೊಂಡದ ಆಳ ಸಾಮಾನ್ಯವಾಗಿ 3 ಮೀಟರ್, ಅಂದರೆ ಹತ್ತು ಅಡಿ. ಒಳಗೆ ಪ್ಲಾಸ್ಟಿಕ್ ಹಾಳೆ. ನೀರು ನಿಂತು ಪಾಚಿ ಕಟ್ಟಿದ ಹಾಳೆಯ ಮೇಲೆ ಕಾಲು ನಿಲ್ಲುವುದಿಲ್ಲ, ಕೈಯೂ ನಿಲ್ಲುವುದಿಲ್ಲ. ಚೆನ್ನಾಗಿ ಈಜುವವರೂ ಇದರಲ್ಲಿ ಬಿದ್ದರೆ ದಡ ಮುಟ್ಟುತ್ತಾರೆ, ಹತ್ತಲು ಆಗುವುದಿಲ್ಲ. ಸುಸ್ತಾಗುತ್ತಾರೆ. ಕೈತಪ್ಪಿ ಬಿದ್ದ ಕೊಡವೋ ಚೆಂಡೋ ತೆಗೆಯಲು ಬಗ್ಗಿದ ಮಗುವಿನ ಪಾಡು ಹೇಳುವುದೇ ಬೇಡ.

ಹೊಂಡ ಇರುವ ರೈತರಿಗೆ ನನ್ನದು ಒಂದೇ ಕೋರಿಕೆ. ತಂತಿಬೇಲಿ ಹಾಕಿಸಿ. ಅದಕ್ಕೂ ಸಹಾಯಧನ ಇದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಬೇಲಿ ಆಗುವವರೆಗೂ ಕಾಯಬೇಡಿ, ಈ ವಾರವೇ ಇನ್ನೊಂದು ಕೆಲಸ ಮಾಡಿ. ನಾಲ್ಕೂ ಬದಿಗೆ ಒಂದೊಂದು ಗಟ್ಟಿ ಗೂಟ ಹೊಡೆಯಿರಿ. ಪ್ರತಿ ಗೂಟಕ್ಕೂ ದಪ್ಪ ನೈಲಾನ್ ಹಗ್ಗ ಕಟ್ಟಿ, ಅಡಿಗೊಂದು ಗಂಟು ಹಾಕಿ ನೀರಿನೊಳಗೆ ಇಳಿಬಿಡಿ. ಹಳೆಯ ಟೈರುಗಳನ್ನು ಒಂದಕ್ಕೊಂದು ಬಿಗಿದು ಇಳಿಬಿಟ್ಟರೆ ಇನ್ನೂ ಒಳ್ಳೆಯದು, ಕಾಲಿಟ್ಟು ಹತ್ತಬಹುದು. ಗಾಳಿ ತುಂಬಿದ ಒಂದು ಟ್ಯೂಬನ್ನು ನೀರಿನ ಮೇಲೆ ತೇಲಲು ಬಿಡಿ. ಮೋಟಾರ್ ಪಂಪಿಗೆ ಅಷ್ಟು ಖರ್ಚು ಮಾಡಿದವರಿಗೆ ಇದೆಲ್ಲ ಯಾವ ಲೆಕ್ಕ?

ಮಲೆನಾಡಿನ ಕಡೆಗೆ ಬರೋಣ. ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಸ್ಪ್ರಿಂಕ್ಲರ್‌ಗಾಗಿ ಮಾಡಿದ ಕೆರೆ ಇದ್ದೇ ಇರುತ್ತದೆ. ಕೆಲವು ಕಡೆ ಕೂಲಿಯವರು ಇರುವ ಲೈನ್ ಮನೆಗಳಿಂದ ಕೂಗಳತೆ ದೂರದಲ್ಲಿ. ಅಪ್ಪ ಅಮ್ಮ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋದರೆ, ಮೂರು ವರ್ಷದ ಕೂಸನ್ನು ನೋಡಿಕೊಳ್ಳಲು ಏಳು ವರ್ಷದ ಅಕ್ಕ. ಆ ಅಕ್ಕನೂ ಮಗುವೇ ತಾನೇ?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅದರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷ ತುಂಬದ ಮಕ್ಕಳು. ಇವರು ಈಜಲು ಹೋದವರಲ್ಲ. ಆಡುತ್ತಾ ಆಡುತ್ತಾ ನೀರಿನ ಹತ್ತಿರ ಹೋದವರು. ಬಾಂಗ್ಲಾದೇಶದಲ್ಲಿ ಇದನ್ನು ಗಮನಿಸಿದರು. ಹಳ್ಳಿಯ ಮಕ್ಕಳು ಹೆಚ್ಚಾಗಿ ಮುಳುಗುತ್ತಿದ್ದುದು ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರ ಒಳಗೆ, ಅಮ್ಮಂದಿರು ಕೆಲಸದಲ್ಲಿ ಮುಳುಗಿರುವಾಗ. ಆ ನಾಲ್ಕು ಗಂಟೆ ಮಕ್ಕಳನ್ನು ಊರಿನ ಒಬ್ಬ ಹೆಂಗಸಿನ ಮನೆಯಲ್ಲಿ ಸೇರಿಸಿ ನೋಡಿಕೊಳ್ಳುವ ಏರ್ಪಾಡು ಮಾಡಿದರು. ಸಾವು ತುಂಬಾ ಕಡಿಮೆಯಾಯಿತು. ಜುಲೈ 25ನ್ನು ಮುಳುಗುವಿಕೆ ತಡೆಯುವ ದಿನ ಅಂತ ವಿಶ್ವಸಂಸ್ಥೆ 2021ರಲ್ಲಿ ಗೊತ್ತುಮಾಡಿತಲ್ಲ, ಆ ನಿರ್ಣಯ ತಂದವರಲ್ಲೂ ಬಾಂಗ್ಲಾದೇಶ ಮುಂದಿತ್ತು.

ನಮಗೆ ಇದು ಹೊಸದೇನಲ್ಲ. ಅಂಗನವಾಡಿ ಇದೆ. ಪಂಚಾಯಿತಿಗಳಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆ ಬಂದಿದೆ. ದೊಡ್ಡ ತೋಟಗಳಲ್ಲಿ ಹೆಣ್ಣಾಳುಗಳ ಮಕ್ಕಳಿಗೆ ಶಿಶುಪಾಲನಾ ಕೇಂದ್ರ ಇರಬೇಕು ಅಂತ 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಸಣ್ಣ ತೋಟದವರು ನಾಲ್ಕು ಜನ ಸೇರಿ ಒಬ್ಬ ಅಜ್ಜಿಗೆ ದಿನಗೂಲಿ ಕೊಟ್ಟು ಮಕ್ಕಳನ್ನು ನೋಡಿಕೊಳ್ಳಲು ಹೇಳಿದರೂ ಸಾಕು.

ಪೇಟೆಯವರು ನಮಗೇನು ಕೆರೆ ಇಲ್ಲ, ಹೊಳೆ ಇಲ್ಲ ಅಂದುಕೊಳ್ಳಬೇಡಿ. ಸಂಪ್ ಇದೆ. ಟ್ಯಾಂಕರ್ ಬಂದಾಗ ತೆಗೆದ ಮುಚ್ಚಳ ಮತ್ತೆ ಹಾಕುವುದು ಎಷ್ಟು ಸಲ ಮರೆತಿದೆ, ನೀವೇ ಯೋಚಿಸಿ. ಬಚ್ಚಲಿನ ಅರ್ಧ ಬಕೆಟ್ ನೀರು ಸಾಕು, ತಲೆಕೆಳಗಾಗಿ ಬಿದ್ದ ಒಂದು ವರ್ಷದ ಮಗು ತಾನಾಗಿ ಮೇಲೆ ಬರಲಾರದು. ಆ ವಯಸ್ಸಿನಲ್ಲಿ ತಲೆಯೇ ಭಾರ. ಬಕೆಟ್ ಖಾಲಿ ಮಾಡಿ ಬೋರಲು ಹಾಕಿ.

ಹೊಳೆಯ ವಿಷಯ ಬೇರೆ. ನೀವು ನಿಂತ ಜಾಗದಲ್ಲಿ ಬಿಸಿಲಿರಬಹುದು, ಮೇಲೆ ಘಟ್ಟದಲ್ಲಿ ಮಳೆ ಸುರಿದಿರುತ್ತದೆ. ತಿಳಿಯಾಗಿದ್ದ ನೀರು ಕೆಂಪಗಾಯಿತು, ತರಗೆಲೆ ಕಡ್ಡಿ ತೇಲಿ ಬರತೊಡಗಿತು ಅಂದರೆ ಫೋಟೋ ಬಿಟ್ಟು ದಡ ಹತ್ತಬೇಕು. ಕಿಗ್ಗದ ಹತ್ತಿರದ ಸಿರಿಮನೆ ಜಲಪಾತಕ್ಕೋ ಬೇರೆ ಯಾವುದಾದರೂ ಅಬ್ಬಿಗೋ ಹೋದವರು ಪಾಚಿ ಬಂಡೆಯ ಮೇಲೆ ಸೆಲ್ಫಿಗೆ ನಿಲ್ಲುವುದನ್ನು ನೋಡಿದರೆ ಎದೆ ಧಸಕ್ ಅನ್ನುತ್ತದೆ. ಗೊರೂರು ಅಣೆಕಟ್ಟೆ ತುಂಬಿದ ಮೇಲೆ ಹೇಮಾವತಿಗೆ ನೀರು ಬಿಡುತ್ತಾರೆ, ಮುಂಚೆಯೇ ಎಚ್ಚರಿಕೆ ಕೊಡುತ್ತಾರೆ. ನದಿಪಾತ್ರದ ಊರಿನವರು ಅದನ್ನು ಕೇಳಿಯೂ ಬಟ್ಟೆ ಒಗೆಯಲು ಇಳಿಯಬಾರದು. ಶೆಟ್ಟಿಹಳ್ಳಿಯ ಹಳೆಯ ಚರ್ಚ್ ನೋಡಲು ಬರುವವರಿಗೂ ಒಂದು ಮಾತು. ಅಲ್ಲಿ ಹಿನ್ನೀರು ಇಳಿದ ಮೇಲೆ ನೆಲ ಒಣಗಿದಂತೆ ಕಂಡರೂ ನೀರಿನ ಅಂಚಿನ ಕೆಸರಿನಲ್ಲಿ ಕಾಲು ಹೂತುಕೊಳ್ಳುತ್ತದೆ.

ಈಗ ಮುಖ್ಯವಾದ ವಿಷಯ. ನೀರಿನಲ್ಲಿ ಮುಳುಗುವವರು ಕೈಬೀಸಿ "ಕಾಪಾಡಿ" ಅಂತ ಕೂಗುತ್ತಾರೆ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಸಿನಿಮಾದವರು ಕಲಿಸಿದ್ದು ಅದು. ನಿಜದಲ್ಲಿ ಉಸಿರಾಡಲೇ ಆಗದವರು ಕೂಗುವುದು ಹೇಗೆ? ತಲೆ ಹಿಂದಕ್ಕೆ ವಾಲಿರುತ್ತದೆ, ಬಾಯಿ ನೀರಿನ ಮಟ್ಟದಲ್ಲಿರುತ್ತದೆ, ಎರಡೂ ಕೈ ಪಕ್ಕಕ್ಕೆ ಚಾಚಿ ನೀರನ್ನು ಒತ್ತುತ್ತಿರುತ್ತವೆ. ದೂರದಿಂದ ನೋಡಿದರೆ ಆಡುತ್ತಿರುವ ಹಾಗೆ ಕಾಣುತ್ತದೆ. ಹೆಚ್ಚೆಂದರೆ ಒಂದು ನಿಮಿಷ, ಚಿಕ್ಕ ಮಕ್ಕಳಾದರೆ ಅರ್ಧ ನಿಮಿಷವೂ ಇಲ್ಲ. ಗಲಾಟೆ ಮಾಡುತ್ತಿದ್ದ ಮಕ್ಕಳು ಇದ್ದಕ್ಕಿದ್ದಂತೆ ಸುಮ್ಮನಾದರೆ ತಿರುಗಿ ನೋಡಿ.

ನೋಡಿದಿರಿ, ಒಬ್ಬ ಮುಳುಗುತ್ತಿದ್ದಾನೆ. ಆಗ ಏನು ಮಾಡುತ್ತೀರಿ? ನಮ್ಮ ಕಡೆ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುವ ಸುದ್ದಿ ಇದು: ಬಟ್ಟೆ ಒಗೆಯಲು ಹೋದಾಗ ಮಗು ಜಾರಿತು, ತಾಯಿ ಹಾರಿದಳು, ಅವಳನ್ನು ಹಿಡಿಯಲು ಚಿಕ್ಕಮ್ಮ ಹಾರಿದಳು. ಒಂದು ಹೋಗುವ ಕಡೆ ಮೂರು. ಮುಳುಗುತ್ತಿರುವವರು ಸಿಕ್ಕಿದ್ದನ್ನು ತಬ್ಬಿ ಕೆಳಕ್ಕೆ ಒತ್ತುತ್ತಾರೆ. ಅದು ಅವರ ತಪ್ಪಲ್ಲ, ಪ್ರಾಣಭಯ. ಆದ್ದರಿಂದ ಹಾರಬೇಡಿ. ತಾಯಿಗೆ ಹಾಗೆ ಹೇಳುವುದು ಸುಲಭ ಅಲ್ಲ, ನನಗೆ ಗೊತ್ತು. ಅದಕ್ಕೇ ಹಾರುವ ಬದಲು ಕೈಗೆ ಏನು ಸಿಗುತ್ತದೆ ಅಂತ ಈಗಲೇ ಯೋಚಿಸಿಟ್ಟುಕೊಳ್ಳಬೇಕು. ಉಟ್ಟ ಸೀರೆ ಐದೂವರೆ ಮೀಟರ್ ಉದ್ದ ಇರುತ್ತದೆ. ಬಿಚ್ಚಿ ಎಸೆಯಿರಿ, ಮಾನದ ಮಾತು ಆಮೇಲೆ. ಪಂಚೆ, ದನದ ಹಗ್ಗ, ಅಡಿಕೆ ಕೀಳುವ ದೋಟಿ, ಬಿದಿರ ಗಳ. ಖಾಲಿ ಪ್ಲಾಸ್ಟಿಕ್ ಕೊಡವನ್ನು ಬಾಯಿ ಕೆಳಗಾಗುವಂತೆ ಅವುಚಿ ಹಿಡಿದರೂ ತೇಲಬಹುದು. ಮುಚ್ಚಳ ಹಾಕಿದ ಖಾಲಿ ಎಣ್ಣೆ ಕ್ಯಾನಾದರೆ ಮತ್ತೂ ಸರಿ. ಕೊಡುವಾಗ ನೀವು ನಿಂತಿರಬೇಡಿ, ದಡದಲ್ಲಿ ಬೋರಲು ಮಲಗಿ ಚಾಚಿ. ನಿಂತಿದ್ದರೆ ಅವರು ಎಳೆದ ಎಳೆತಕ್ಕೆ ನೀವೂ ಒಳಗೆ. ಜೊತೆಗೆ ಜೋರಾಗಿ ಕೂಗಿ ಜನ ಸೇರಿಸಿ. ಇನ್ನೊಬ್ಬರು 112ಕ್ಕೆ ಫೋನ್ ಮಾಡಲಿ.

ಹೊರಗೆ ತಂದ ಮೇಲೆ ನಮ್ಮ ಜನ ಮಾಡುವ ಕೆಲವು ಕೆಲಸಗಳಿವೆ. ಹೊಟ್ಟೆ ಒತ್ತುವುದು, ಕಾಲು ಹಿಡಿದು ತಲೆಕೆಳಗೆ ತಿರುಗಿಸುವುದು. ಉಪ್ಪಿನ ರಾಶಿಯಲ್ಲಿ ಹೂತಿಟ್ಟರೆ ಜೀವ ಬರುತ್ತದೆ ಅಂತ ಮೊಬೈಲಿನಲ್ಲಿ ಬಂದ ಸುದ್ದಿ ನಂಬಿ, ನಮ್ಮ ರಾಜ್ಯದಲ್ಲೇ ಮಕ್ಕಳ ದೇಹವನ್ನು ಗಂಟೆಗಟ್ಟಲೆ ಉಪ್ಪಿನಲ್ಲಿಟ್ಟು ಕಾದು ಕೂತವರಿದ್ದಾರೆ. ಆ ತಂದೆ ತಾಯಿಯ ಸಂಕಟ ಅರ್ಥವಾಗುತ್ತದೆ. ಆ ಸುದ್ದಿಯನ್ನು ಫಾರ್ವರ್ಡ್ ಮಾಡಿದವರ ಮೇಲೆ ಸಿಟ್ಟು ಬರುತ್ತದೆ. ಉಪ್ಪಿನಿಂದ ಏನೂ ಆಗದು. ಹೊಟ್ಟೆ ಒತ್ತಿದರೆ ಒಳಗಿನದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮುಳುಗಿದವರಿಗೆ ಕೊರತೆ ಆಗಿರುವುದು ಗಾಳಿ. ನಾಲ್ಕೈದು ನಿಮಿಷ ಗಾಳಿ ಇಲ್ಲದಿದ್ದರೆ ಮಿದುಳಿಗೆ ಪೆಟ್ಟು ಬೀಳತೊಡಗುತ್ತದೆ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಉಸಿರಿಲ್ಲ ಅಂತ ಕಂಡರೆ ಗದ್ದ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎದೆ ಏಳುವಷ್ಟು ಎರಡು ಸಲ ಊದಿ. ಆಮೇಲೆ ಎದೆಯ ನಡುವೆ ಅಂಗೈಯಿಂದ ಜೋರಾಗಿ, ಬೇಗಬೇಗ ಮೂವತ್ತು ಸಲ ಒತ್ತಿ. ಮತ್ತೆ ಎರಡು ಸಲ ಊದಿ. 108 ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಒಮ್ಮೆ ತೋರಿಸಿ. ಗಂಟೆಗಳ ನಂತರವೂ ಉಸಿರಾಟದ ತೊಂದರೆ ಬರಬಹುದು.

ಈಜು ಕಲಿಸಬೇಕಾ? ಕಲಿಸಲೇಬೇಕು. ಹೆಣ್ಣುಮಕ್ಕಳಿಗೂ. ಹಿಂದೆ ಒಣಗಿದ ಸೋರೆ ಬುರುಡೆ ಬೆನ್ನಿಗೆ ಕಟ್ಟಿ ಬಾವಿಗೆ ಇಳಿಸುತ್ತಿದ್ದರು, ಈಗ ಟ್ಯೂಬಿದೆ, ಲೈಫ್ ಜಾಕೆಟ್ ಇದೆ. ಆದರೆ ಮೊದಲು ಕಲಿಸಬೇಕಾದದ್ದು ಕೈಕಾಲು ಬಡಿಯುವುದನ್ನಲ್ಲ, ಅಂಗಾತ ತೇಲುವುದನ್ನು. ಮೈ ಸಡಿಲ ಬಿಟ್ಟು, ಕಿವಿ ನೀರಿನಲ್ಲಿ, ಮುಖ ಆಕಾಶಕ್ಕೆ. ಅಷ್ಟು ಬಂದರೆ ಯಾರಾದರೂ ಹಗ್ಗ ಎಸೆಯುವವರೆಗೆ ಹುಡುಗ ಉಳಿಯುತ್ತಾನೆ. ಈಜುಕೊಳದಲ್ಲಿ ಕಲಿತವರು ಕೆರೆಯಲ್ಲಿ ಜಂಬ ತೋರಿಸಬಾರದು. ಕೆರೆಯಲ್ಲಿ ಜೊಂಡು ಇದೆ, ಕಾಲಿಗೆ ಸುತ್ತುವ ಬಳ್ಳಿ ಇದೆ, ಹಿಡಿದುಕೊಳ್ಳಲು ಅಂಚಿಲ್ಲ. ಪಿಡ್ಸ್ ಬರುವ ಮಕ್ಕಳನ್ನು ಒಬ್ಬರನ್ನೇ ನೀರಿಗೆ ಬಿಡಲೇಬಾರದು.

ಕಡೆಯದಾಗಿ ಒಂದು ವಿಷಯ, ಇದನ್ನು ಯಾರೂ ಜಾಸ್ತಿ ಮಾತಾಡುವುದಿಲ್ಲ. ಐದು ಹುಡುಗರು ಮನೆಯಲ್ಲಿ ಹೇಳದೆ ಕೆರೆಗೆ ಹೋಗಿರುತ್ತಾರೆ. ಒಬ್ಬ ಮುಳುಗುತ್ತಾನೆ. ಉಳಿದ ನಾಲ್ವರು ಹೆದರಿ ಮನೆಗೆ ಓಡಿ ಬಂದು, ತಲೆ ಒರೆಸಿಕೊಂಡು, ಏನೂ ಗೊತ್ತಿಲ್ಲದವರಂತೆ ಕೂರುತ್ತಾರೆ. ಹೊಡೆತ ಬೀಳುತ್ತದೆ ಅಂತ. ಸಂಜೆ ಆ ಹುಡುಗನನ್ನು ಹುಡುಕಲು ಶುರುವಾದಾಗ ಒಬ್ಬ ಬಾಯಿ ಬಿಡುತ್ತಾನೆ. ಅಷ್ಟರಲ್ಲಿ ಮುಗಿದಿರುತ್ತದೆ. ಇದು ಕೆಟ್ಟ ಹುಡುಗರ ಕಥೆಯಲ್ಲ, ಹೆದರಿದ ಹುಡುಗರ ಕಥೆ. ಹಾಗಾಗಿ ಅಪ್ಪಂದಿರೇ, ಅಮ್ಮಂದಿರೇ, ಮೇಷ್ಟ್ರುಗಳೇ, ಈ ರಾತ್ರಿ ಊಟಕ್ಕೆ ಕೂತಾಗ ಮಕ್ಕಳಿಗೆ ಹೇಳಿಬಿಡಿ: "ನೀರಿನ ಹತ್ರ ಏನೇ ಆದರೂ, ಹೇಳದೆ ಹೋಗಿದ್ದರೂ, ಮೊದಲು ಸಿಕ್ಕ ದೊಡ್ಡವರನ್ನ ಕೂಗು. ನಿನಗೆ ಒಂದೇಟೂ ಬೀಳಲ್ಲ." ಹೇಳಿದ ಮೇಲೆ ಆ ಮಾತು ಉಳಿಸಿಕೊಳ್ಳಿ. ಒದ್ದೆ ಬಟ್ಟೆಯಲ್ಲಿ ಏದುಸಿರು ಬಿಡುತ್ತಾ ಬಂದ ಹುಡುಗನನ್ನು ಯಾಕೆ ಹೋಗಿದ್ದೆ ಅಂತ ಕೇಳುತ್ತಾ ನಿಲ್ಲಬೇಡಿ. ಯಾವ ಕೆರೆ, ಯಾವ ಕಡೆ ದಡ, ಅಷ್ಟು ಕೇಳಿ ಹಗ್ಗ ಹಿಡಿದು ಓಡಿ.

ನಮಸ್ಕಾರ.