ಹಿಮ್ಮಡಿ ಎತ್ತಿ, ಉಸಿರು ಬಿಡಿ

ಕೇಳುಗರೇ, ನಮಸ್ಕಾರ.

ನನ್ನ ಬಳಿಗೆ ಹೊಸದಾಗಿ ಬರುವ ವಯಸ್ಸಾದವರನ್ನು ನಾನು ಮೊದಲು ಕೇಳುವುದು ನೋವಿನ ವಿಚಾರವನ್ನಲ್ಲ. ‘ಸ್ನಾನಕ್ಕೆ ಹೋದಾಗ ಬಚ್ಚಲುಮನೆಯ ಚಿಲಕ ಹಾಕಿಕೊಳ್ಳುತ್ತೀರಾ?’ ಎಂದು ಕೇಳುತ್ತೇನೆ. ಇಲ್ಲ ಎಂದರೆ ಅವರಿಗೆ ಬೀಳುವ ಭಯವಿದೆ, ಒಳಗೆ ಬಿದ್ದರೆ ಮನೆಯವರು ಬಾಗಿಲು ಒಡೆಯಬೇಕಾದೀತು ಎಂದು ಲೆಕ್ಕ ಹಾಕಿದ್ದಾರೆ ಎಂದು ತಿಳಿದುಕೊಳ್ಳುತ್ತೇನೆ. ದಾವಣಗೆರೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ಎಷ್ಟೋ ಸಲ ಎಕ್ಸ್‌ರೇ ಹೇಳದ್ದನ್ನು ಈ ಚಿಲಕ ಹೇಳಿದೆ. ಮೂಳೆ ವೈದ್ಯರು ಬೇಸರಿಸಿಕೊಳ್ಳಬಾರದು.

ಕೆಲವು ವರ್ಷಗಳ ಹಿಂದೆ ಒಬ್ಬರು ಅಜ್ಜಿ ಬಂದಿದ್ದರು. ತೊಡೆಯ ಮೂಳೆ ಮುರಿದು, ಶಸ್ತ್ರಚಿಕಿತ್ಸೆಯಾಗಿ, ಮೂಳೆ ಚೆನ್ನಾಗಿಯೇ ಕೂಡಿಕೊಂಡಿತ್ತು. ಆದರೂ ಮನೆಯೊಳಗೆ ಗೋಡೆ ಹಿಡಿಯದೆ ಒಂದು ಹೆಜ್ಜೆ ಇಡುತ್ತಿರಲಿಲ್ಲ. ಹಳೆಯ ಮನೆ, ಸುಣ್ಣದ ಗೋಡೆ. ಅವರ ಬಲಗೈ ಬೆರಳುಗಳ ತುದಿ ಸದಾ ಬೆಳ್ಳಗೆ. ನಾನು ಪದ್ಧತಿಯಂತೆ ಕಾಲಿಗೆ ಮರಳಿನ ಚೀಲ ಕಟ್ಟಿ ಎತ್ತಿಸಲು ಹೋದೆ. ‘ನಾನೇನು ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ಹೋಗಬೇಕೇನಪ್ಪಾ?’ ಎಂದು ಚೀಲ ಬಿಚ್ಚಿಟ್ಟರು. ಆ ಅಜ್ಜಿಗೆ ಏನು ಮಾಡಿಸುವುದು ಎಂದು ತಡಕಾಡುತ್ತಿದ್ದಾಗ ನನಗೆ ನೆನಪಾದದ್ದು, ಹಿಂದೊಮ್ಮೆ ಬೆಂಗಳೂರಿನ ಒಂದು ತರಬೇತಿಯಲ್ಲಿ ಕಲಿತು ಬದಿಗಿಟ್ಟಿದ್ದ ಚಿಗಾಂಗ್.

ಇಂಗ್ಲಿಷಿನಲ್ಲಿ ಇದನ್ನು ಕ್ಯೂ ಅಕ್ಷರದಿಂದ ಬರೆಯುವುದರಿಂದ ಅನೇಕರು ಕಿಗಾಂಗ್ ಎಂದು ಓದುತ್ತಾರೆ. ಚೀನೀ ಭಾಷೆಯಲ್ಲಿ ‘ಚಿ’ ಎಂದರೆ ಉಸಿರು, ಪ್ರಾಣಶಕ್ತಿ. ‘ಗಾಂಗ್’ ಎಂದರೆ ಸಾಧನೆ, ದಿನದಿನವೂ ಮಾಡಿ ಕೈವಶ ಮಾಡಿಕೊಂಡ ಕೆಲಸ. ನಮ್ಮ ಪ್ರಾಣಾಯಾಮವನ್ನು ಯಾರೋ ಎದ್ದು ನಿಂತು, ಕೈಕಾಲು ಆಡಿಸುತ್ತ ಮಾಡಿದಂತೆ ಕಾಣುತ್ತದೆ. ವಿದ್ಯೆ ಬಹಳ ಹಳೆಯದು. 1973ರಲ್ಲಿ ಚೀನಾದ ಚಾಂಗ್‌ಶಾ ನಗರದ ಬಳಿ ಮಾವಾಂಗ್‌ದುಯಿ ಎಂಬಲ್ಲಿ ಕ್ರಿಸ್ತಪೂರ್ವ 168ರ ಒಂದು ಸಮಾಧಿಯನ್ನು ಅಗೆದಾಗ ರೇಷ್ಮೆ ಬಟ್ಟೆಯ ಮೇಲೆ ಬಿಡಿಸಿದ ಚಿತ್ರ ಸಿಕ್ಕಿತು. ಅದರಲ್ಲಿ 44 ಜನ ವ್ಯಾಯಾಮ ಮಾಡುತ್ತಿದ್ದಾರೆ. ಗಂಡಸರು, ಹೆಂಗಸರು, ವಯಸ್ಸಾದವರು, ಹುಡುಗರು, ಎಲ್ಲರೂ ಇದ್ದಾರೆ. ಆದರೆ ಆಸ್ಪತ್ರೆಯ ಚಿಕಿತ್ಸೆಯಾಗಿ ಚಿಗಾಂಗ್ ಎಂಬ ಹೆಸರು ಊರಿಗೆಲ್ಲ ಹಬ್ಬಿದ್ದು 1950ರ ದಶಕದಲ್ಲಿ. ಲಿಯು ಗುಯಿಝೆನ್ ಎಂಬ ಸರ್ಕಾರಿ ನೌಕರರು ಹೊಟ್ಟೆಯ ಹುಣ್ಣಿನಿಂದ ನರಳಿ ತಮ್ಮ ಹಳ್ಳಿಗೆ ಮರಳಿದರು, ಅಲ್ಲಿ ಹಳೆಯ ಉಸಿರಾಟದ ಅಭ್ಯಾಸವೊಂದನ್ನು ಕಲಿತು ಚೇತರಿಸಿಕೊಂಡರು, ಆಮೇಲೆ ಅದಕ್ಕಾಗಿಯೇ ಆರೋಗ್ಯಧಾಮ ನಡೆಸಿದರು.

ಇದರಲ್ಲಿ ಹಲವು ಪಾಠಗಳಿವೆ. ಹುಲಿ, ಜಿಂಕೆ, ಕರಡಿ, ಕೋತಿ, ಹಕ್ಕಿ, ಈ ಐದರ ನಡೆಯನ್ನು ಅನುಕರಿಸುವುದು ಒಂದು. ನಾನು ಹೆಚ್ಚಾಗಿ ಮಾಡಿಸುವುದು ಬಾದುವಾನ್‌ಜಿನ್ ಎಂಬುದನ್ನು. ಎಂಟು ತುಂಡು ಚಿತ್ತಾರದ ರೇಷ್ಮೆ ಎಂದು ಅದರ ಅರ್ಥ. ಎಂಟು ಚಲನೆಗಳು, ರೇಷ್ಮೆಯಂತೆ ನುಣ್ಣಗೆ ಜಾರಬೇಕು ಎಂಬ ಆಶಯ. ಮೊಳಕಾಲ್ಮೂರು ಸೀರೆಯ ಜಿಲ್ಲೆಯವರಿಗೆ ಈ ಹೋಲಿಕೆಯನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆ ಎಂಟರಲ್ಲಿ ಕೊನೆಯದನ್ನು ಈಗಲೇ ಮಾಡಿಸುತ್ತೇನೆ. ರೇಡಿಯೋದಲ್ಲಿ ವ್ಯಾಯಾಮ ಹೇಳಿಕೊಡುವುದು ಫೋನಿನಲ್ಲಿ ರಂಗೋಲಿ ಹೇಳಿಕೊಟ್ಟ ಹಾಗೆ, ಆದರೂ ಇದು ಸುಲಭದ್ದು. ವಾಹನ ಓಡಿಸುತ್ತಿರುವವರು, ಒಗ್ಗರಣೆಗೆ ಎಣ್ಣೆ ಕಾಯಲು ಇಟ್ಟವರು ಸುಮ್ಮನೆ ಕೇಳಿ ಸಾಕು. ಉಳಿದವರು ಕಿಟಕಿಯ ಸರಳು ಹಿಡಿದು ನಿಂತುಕೊಳ್ಳಿ. ಪಾದಗಳ ನಡುವೆ ಒಂದು ಗೇಣು ಜಾಗವಿರಲಿ. ಉಸಿರು ಒಳಗೆ ತೆಗೆದುಕೊಳ್ಳುತ್ತ ಹಿಮ್ಮಡಿ ಎತ್ತಿ, ಬೆರಳುಗಳ ಮೇಲೆ ನಿಲ್ಲಿ. ಉಸಿರು ಬಿಡುತ್ತ ಇಳಿಯಿರಿ. ಇಳಿಯುವುದು ಏರಿದ್ದಕ್ಕಿಂತ ನಿಧಾನವಾಗಬೇಕು, ಅಲ್ಲೇ ಗುಟ್ಟಿರುವುದು. ಚೀನೀಯರು ಕೊನೆಯಲ್ಲಿ ಹಿಮ್ಮಡಿಯನ್ನು ಹಗುರವಾಗಿ ನೆಲಕ್ಕೆ ಕುಟ್ಟುತ್ತಾರೆ, ಮೂಳೆ ಸವೆದ ಹಿರಿಯರಿಗೆ ನಾನು ಅದನ್ನು ಮಾಡಿಸುವುದಿಲ್ಲ. ಏಳು ಸಲ ಹೀಗೆ ಮಾಡಿದರೆ ನೂರು ರೋಗ ಮಾಯವಾಗುತ್ತವೆ ಎಂದು ಆ ಚಲನೆಯ ಹೆಸರೇ ಹೇಳುತ್ತದೆ. ನೂರು ರೋಗದ ಮಾತು ಹೆಸರಿನ ಅಲಂಕಾರ. ಮೀನಖಂಡ ಗಟ್ಟಿಯಾಗುವುದು, ಕಣಕಾಲಿಗೆ ಹಿಡಿತ ಬರುವುದು ಮಾತ್ರ ನಿಜ.

ನಾವು ಬೀಳದೆ ನಿಲ್ಲುವುದು ಕಾಲಿನ ಬಲದಿಂದ ಮಾತ್ರವಲ್ಲ. ಕಣ್ಣು, ಕಿವಿಯ ಒಳಭಾಗ, ಅಂಗಾಲಿನ ಸ್ಪರ್ಶ, ಈ ಮೂರು ಕಡೆಯಿಂದ ಮಿದುಳಿಗೆ ಕ್ಷಣಕ್ಷಣವೂ ಸುದ್ದಿ ಹೋಗುತ್ತಿರುತ್ತದೆ. ವಯಸ್ಸಾದಂತೆ ಮೂರೂ ಮಂಕಾಗುತ್ತವೆ. ಸಕ್ಕರೆ ಕಾಯಿಲೆ ಇದ್ದರೆ ಅಂಗಾಲು ಮರಗಟ್ಟಿ ಒಂದು ಕಡೆಯ ಸುದ್ದಿ ನಿಂತೇ ಹೋಗುತ್ತದೆ. ಚಿಗಾಂಗ್ ಮಾಡಿಸುವುದೆಲ್ಲ ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬಹಳ ನಿಧಾನವಾಗಿ ಸಾಗಿಸುವ ಕೆಲಸ. ಬಸ್ಸಿನ ಮೆಟ್ಟಿಲು ಇಳಿಯುವಾಗ, ಹೊಸ್ತಿಲು ದಾಟುವಾಗ ಬೇಕಾಗುವುದೂ ಅದೇ. ವ್ಯಾಯಾಮದಿಂದ ಬೀಳುವುದು ಕಡಿಮೆಯಾಗುತ್ತದೆಯೇ ಎಂದು ಪ್ರಪಂಚದ 108 ಅಧ್ಯಯನಗಳನ್ನು, 23 ಸಾವಿರಕ್ಕೂ ಹೆಚ್ಚು ಹಿರಿಯರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದ, ಕಾಕ್ರೇನ್ ಎಂಬ ಸಂಸ್ಥೆಯ ವಿಮರ್ಶೆ 2019ರಲ್ಲಿ ಬಂತು. ಒಟ್ಟಾರೆ ವ್ಯಾಯಾಮದಿಂದ ಬೀಳುವುದು ಶೇಕಡಾ 23ರಷ್ಟು ತಗ್ಗಿತ್ತು. ಚಿಗಾಂಗ್‌ನ ಸೋದರ ವಿದ್ಯೆಯಾದ ತಾಯ್ ಚಿಯಿಂದ ಶೇಕಡಾ 19ರಷ್ಟು. ಅಂದರೆ ಚೀನಾದ್ದು ಎಂಬ ಕಾರಣಕ್ಕೆ ಅದರಲ್ಲಿ ವಿಶೇಷ ಮಂತ್ರವೇನೂ ಇಲ್ಲ, ಸಮತೋಲನ ಬೇಡುವ ಯಾವ ವ್ಯಾಯಾಮವಾದರೂ ಆದೀತು. ಆದರೆ ಮರಳಿನ ಚೀಲ ಬಿಚ್ಚಿಟ್ಟ ಅಜ್ಜಿ ಇದನ್ನು ಮಾಡಿದರು. ನನ್ನ ವೃತ್ತಿಯಲ್ಲಿ ರೋಗಿ ಮನೆಯಲ್ಲಿ ಮಾಡುವ ಸಾಧಾರಣ ವ್ಯಾಯಾಮ, ಮಾಡದೆ ಬಿಡುವ ಉತ್ತಮ ವ್ಯಾಯಾಮಕ್ಕಿಂತ ಮೇಲು.

ಪಾರ್ಕಿನ್ಸನ್ ಕಾಯಿಲೆಯವರ ವಿಷಯದಲ್ಲಿ ಪುರಾವೆ ಇನ್ನೂ ಚೆನ್ನಾಗಿದೆ. ಅಮೆರಿಕದ ಆರೆಗಾನ್‌ನಲ್ಲಿ 195 ರೋಗಿಗಳ ಮೇಲೆ 24 ವಾರ ನಡೆದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ದಿನ ತಾಯ್ ಚಿ ಮಾಡಿದವರ ಸಮತೋಲನ ಉಳಿದವರಿಗಿಂತ ಸುಧಾರಿಸಿತ್ತು, ಬರೀ ಮೈ ಎಳೆಯುವ ವ್ಯಾಯಾಮ ಮಾಡಿದವರಿಗಿಂತ ಅವರು ಕಡಿಮೆ ಬಿದ್ದಿದ್ದರು. ಕೈ ನಡುಗುವವರನ್ನು ಮನೆಯ ಮೂಲೆಯಲ್ಲಿ ಕೂರಿಸಿ ‘ನೀವು ಏಳಬೇಡಿ, ನಾವಿದ್ದೇವೆ’ ಎನ್ನುವ ಪ್ರೀತಿಯ ಮಕ್ಕಳಿಗೆ ಇದನ್ನು ವಿಶೇಷವಾಗಿ ಹೇಳುತ್ತಿದ್ದೇನೆ.

ಇನ್ನು ಉಸಿರಿನ ವಿಚಾರ. ನಮ್ಮ ಊರಿನ ಮಂಡಕ್ಕಿಗೆ ಹೆಸರಿದೆ, ಸಂಜೆ ಮೆಣಸಿನಕಾಯಿಯ ಜೊತೆ ಎಲ್ಲರೂ ತಿನ್ನುತ್ತೇವೆ. ಅದನ್ನು ಹುರಿಯುವ ಭಟ್ಟಿಯ ಒಳಗೆ ಎಷ್ಟು ಜನ ಹೋಗಿದ್ದೀರಿ? ಕಾದ ಮರಳು, ಧೂಳು, ಹೊಗೆ. ಇಪ್ಪತ್ತು ಮೂವತ್ತು ವರ್ಷ ಅಲ್ಲಿ ದುಡಿದವರು ನನ್ನಲ್ಲಿಗೆ ಬಂದಾಗ ಹೆಸರು ಹೇಳಲಿಕ್ಕೇ ಎರಡು ಉಸಿರು ಬೇಕಾಗುತ್ತದೆ. ಸೌದೆ ಒಲೆಯ ಮುಂದೆ ಆಯುಷ್ಯ ಕಳೆದ ಹಳ್ಳಿಯ ಹೆಂಗಸರದೂ ಇದೇ ಪಾಡು. ಇವರ ತೊಂದರೆ ಗಾಳಿ ಒಳಗೆ ಹೋಗದಿರುವುದಲ್ಲ, ಹೋದ ಗಾಳಿ ಪೂರ್ತಿ ಹೊರಗೆ ಬಾರದಿರುವುದು. ಗಾಳಿಯ ಕೊಳವೆಗಳು ಉಸಿರು ಬಿಡುವಾಗ ಬೇಗ ಮುಚ್ಚಿಕೊಂಡು ಹಳೆಯ ಗಾಳಿ ಒಳಗೇ ಉಳಿಯುತ್ತದೆ. ಚಿಗಾಂಗ್‌ನಲ್ಲಿ ಲಿಯು ಝಿ ಜ್ಯೂ ಎಂಬ ಪಾಠವಿದೆ, ಆರು ಅಕ್ಷರಗಳು. ಶ್ಯೂ, ಹ, ಹೂ, ಸ್ಸ್, ಚುಯ್, ಶೀ. ಒಂದೊಂದನ್ನೂ ಉಸಿರು ಬಿಡುತ್ತ ಉದ್ದಕ್ಕೆ ಹೇಳುವುದು. ಒಂದೊಂದು ಅಕ್ಷರವೂ ಒಂದೊಂದು ಅಂಗಕ್ಕೆ ಎಂಬ ಅವರ ನಂಬಿಕೆಯನ್ನು ಪಕ್ಕಕ್ಕಿಡೋಣ. ಹೂ ಎಂದು ಹೇಳುವಾಗ ತುಟಿ ಊದುಗೊಳವೆ ಹಿಡಿದಂತೆ ಗುಂಡಗಾಗುತ್ತದೆ, ಗಾಳಿ ಸಣ್ಣಗೆ ತಡೆದು ಹೋಗುತ್ತದೆ, ಆ ಒತ್ತಡ ಒಳಗಿನ ಕೊಳವೆಗಳನ್ನು ಮುಚ್ಚಲು ಬಿಡುವುದಿಲ್ಲ. ತುಟಿ ಮುದುಡಿ ಉಸಿರು ಬಿಡಿ ಎಂದು ಶ್ವಾಸಕೋಶದ ತಜ್ಞರು ಹೇಳುವುದೂ ಇದನ್ನೇ. ಒಲೆ ಊದಿ ಊದಿ ಕೆಟ್ಟ ಎದೆಗೆ ಊದುವುದರಿಂದಲೇ ಒಂದಿಷ್ಟು ಆರಾಮ, ಈ ಸಲ ಒಲೆ ಮಾತ್ರ ಇರಬಾರದು. ಕೆಟ್ಟ ಭಾಗ ಇದರಿಂದ ಮತ್ತೆ ಸರಿಯಾಗುವುದಿಲ್ಲ. ಇನ್‌ಹೇಲರ್ ಬಿಡುವಂತಿಲ್ಲ. ಬೀಡಿ ಸೇದುತ್ತಲೇ ಚಿಗಾಂಗ್ ಮಾಡುತ್ತೇನೆ ಎಂದವರೊಬ್ಬರನ್ನು ನಾನು ಮನೆಗೆ ಕಳಿಸಿದ್ದೇನೆ.

ರಕ್ತದೊತ್ತಡದವರು ಕೇಳಿ. ಉಸಿರು ಬಿಡುವುದನ್ನು ಉದ್ದ ಮಾಡಿದಷ್ಟೂ ಎದೆಬಡಿತ ನಿಧಾನವಾಗುತ್ತದೆ, ಅದು ನರಗಳ ಸ್ವಭಾವ. 2024ರಲ್ಲಿ ಚೀನಾದ ಸಂಶೋಧಕರು ರಕ್ತದೊತ್ತಡ ಏರುವ ಹಂತದಲ್ಲಿದ್ದ 342 ಜನರನ್ನು ಒಂದು ವರ್ಷ ಗಮನಿಸಿದ ವರದಿ ಬಂತು. ತಾಯ್ ಚಿ ಮಾಡಿದವರ ಮೇಲಿನ ಅಂಕಿ ಸರಾಸರಿ 7ರಷ್ಟು ಇಳಿದರೆ, ಬಿರುಸು ನಡಿಗೆ, ಸೈಕಲ್ಲಿನಂಥ ವ್ಯಾಯಾಮ ಮಾಡಿದವರದು ಸುಮಾರು 4.6. ಈ ಏಳು ಅಂಕಿ ಕೇಳಿ ಇವತ್ತೇ ಮಾತ್ರೆ ನಿಲ್ಲಿಸುವವರು ನಮ್ಮಲ್ಲಿ ಇದ್ದಾರೆ ಎಂದು ನನಗೆ ಗೊತ್ತು. ದಯವಿಟ್ಟು ನಿಲ್ಲಿಸಬೇಡಿ. ಆ 342 ಜನರಿಗೆ ಇದ್ದದ್ದು ಕಾಯಿಲೆಯ ಹೊಸ್ತಿಲು, ನೀವು ಒಳಗೆ ಬಂದು ಕೂತಿದ್ದೀರಿ.

ಕ್ಯಾನ್ಸರ್ ಚಿಕಿತ್ಸೆ ಪಡೆಯುವವರ ಸುಸ್ತು ಬೇರೆಯದೇ. ಮಲಗಿ ಎದ್ದರೂ ಅದು ಹೋಗುವುದಿಲ್ಲ. ಆಸ್ಟ್ರೇಲಿಯಾದಲ್ಲಿ 162 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹತ್ತು ವಾರ ಚಿಗಾಂಗ್ ಮಾಡಿದವರ ಸುಸ್ತು ಕಡಿಮೆಯಾಗಿತ್ತು, ಮನಸ್ಸು ಹಗುರವಾಗಿತ್ತು. ಕಡಿಮೆಯಾದದ್ದು ಸುಸ್ತು, ಗೆಡ್ಡೆ ಅಲ್ಲ. ಚಿಗಾಂಗ್ ಗುರುಗಳು ಅಂಗೈಯಿಂದ ಶಕ್ತಿ ಹರಿಸಿ ಗೆಡ್ಡೆ ಕರಗಿಸುತ್ತಾರೆ ಎಂಬ ಕಥೆಗಳು ಎಂಬತ್ತರ ದಶಕದಿಂದ ಚೀನಾದಲ್ಲಿ ಸಂತೆಯಂತೆ ನಡೆದವು, ಈಗ ಮೊಬೈಲಿನಲ್ಲಿ ನಮ್ಮ ಮನೆಗೂ ಬರುತ್ತಿವೆ. ನೀವು ಕೈಕಾಲು ಆಡಿಸದೆ ಇನ್ನೊಬ್ಬರು ನಿಮಗೆ ಮಾಡಿಕೊಡುವ ಚಿಗಾಂಗ್ ಎಂಬುದಕ್ಕೆ ನಾನು ಒಂದು ರೂಪಾಯಿಯನ್ನೂ ಕೊಡುವುದಿಲ್ಲ.

ಮಗ್ಗದ ಮುಂದೆ ಕೂರುವವರು, ಕಂಪ್ಯೂಟರ್ ಮುಂದೆ ಕೂರುವವರು, ಹೊಲಿಗೆಯವರು, ಇವರೆಲ್ಲರ ಕತ್ತು ನನಗೆ ಒಂದೇ ತರಹ ಕಾಣುತ್ತದೆ. ಇವರಿಗೆ ಬಿಲ್ಲು ಎಳೆಯುವ ಚಲನೆ ಹೇಳಿ ಮಾಡಿಸಿದಂತಿದೆ. ಒಂದು ಕೈ ಮುಂದೆ ಚಾಚಿ, ಇನ್ನೊಂದರಿಂದ ಹೆದೆ ಎಳೆದಂತೆ ಮೊಣಕೈಯನ್ನು ಹಿಂದಕ್ಕೆ ತಂದರೆ ಮುದುಡಿದ ಎದೆ ತೆರೆದುಕೊಳ್ಳುತ್ತದೆ. ಜರ್ಮನಿಯಲ್ಲಿ ಹಳೆಯ ಕತ್ತುನೋವಿನವರ ಮೇಲೆ ಹೋಲಿಸಿ ನೋಡಿದಾಗ ಚಿಗಾಂಗ್ ಮತ್ತು ಸಾಮಾನ್ಯ ವ್ಯಾಯಾಮ ಸಮಸಮ ಬಂದವು. ತೂಕ ಇಳಿಸುವ ಆಸೆಯಿಂದ ಬರುವ ಯುವಕರಿಗೆ ನಾನು ಕುಂದುವಾಡ ಕೆರೆಯ ಏರಿ ತೋರಿಸುತ್ತೇನೆ, ಅಲ್ಲಿ ಬೆವರು ಬರುವಷ್ಟು ನಡೆಯಲಿ. ಚಿತ್ರದುರ್ಗ ಜಿಲ್ಲೆಯ ಕೆಲವು ಹಳ್ಳಿಗಳಿಂದ ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಬೆನ್ನು, ಮಂಡಿ ಬಿಗಿದವರೂ ಬರುತ್ತಾರೆ. ಅವರಿಗೆ ಚಿಗಾಂಗ್ ಎರಡನೆಯ ಮಾತು. ಮೊದಲು ನೀರು ಬದಲಾಗಬೇಕು, ಮೂಳೆಯಲ್ಲಿ ಕೂತ ಫ್ಲೋರೈಡ್ ಯಾವ ಚಲನೆಗೂ ಅಲುಗುವುದಿಲ್ಲ.

ಎಲ್ಲರಿಗೂ ಎಲ್ಲ ಚಲನೆಯೂ ಸಲ್ಲುವುದಿಲ್ಲ. ಮೂಳೆ ಟೊಳ್ಳಾದವರು ಬಗ್ಗಿ ಪಾದ ಹಿಡಿಯುವುದನ್ನು ಬಿಡಬೇಕು, ಬೆನ್ನೆಲುಬಿನ ಮಣಿ ಕುಸಿಯಬಹುದು. ಕಣ್ಣಿನ ಗ್ಲಾಕೋಮಾ ಇದ್ದವರು ತಲೆಯನ್ನು ಸೊಂಟಕ್ಕಿಂತ ಕೆಳಗೆ ತರಬಾರದು. ಮರಗಟ್ಟಿದ ಅಂಗಾಲಿನವರು ಅಭ್ಯಾಸದ ಮುಂಚೆ, ಅಭ್ಯಾಸದ ನಂತರ ಪಾದ ತಿರುಗಿಸಿ ನೋಡಿಕೊಳ್ಳಬೇಕು. ಇನ್ನೊಂದು ಎಚ್ಚರಿಕೆಯನ್ನು ಯಾರೂ ಹೇಳುವುದಿಲ್ಲ. ಹಿಂದೆ ತೀವ್ರ ಮಾನಸಿಕ ಕಾಯಿಲೆ ಬಂದಿದ್ದವರು ಗಂಟೆಗಟ್ಟಲೆ ಒಬ್ಬರೇ ಕಣ್ಣು ಮುಚ್ಚಿ ಧ್ಯಾನದಂತೆ ಚಿಗಾಂಗ್ ಮಾಡಬಾರದು. ಅತಿಯಾಗಿ ಮಾಡಿ ಭ್ರಮೆಗೆ ಒಳಗಾದವರ ವಿಚಾರ ಅಮೆರಿಕದ ಮನೋವೈದ್ಯರು 1994ರಲ್ಲಿ ಹೊರತಂದ ರೋಗಗಳ ಕೈಪಿಡಿಯಲ್ಲೇ ಇದೆ. ಕಣ್ಣು ತೆರೆದು, ನಾಲ್ಕು ಜನರ ಜೊತೆ, ಇಪ್ಪತ್ತು ನಿಮಿಷ. ಅಷ್ಟಕ್ಕೆ ಭಯವಿಲ್ಲ.

ಯಾವ ಹೊತ್ತು ಒಳ್ಳೆಯದು, ಯಾವ ದಿಕ್ಕಿಗೆ ಮುಖ ಮಾಡಬೇಕು ಎಂದು ಬಹಳ ಜನ ಕೇಳುತ್ತಾರೆ. ಊಟವಾದ ಕೂಡಲೇ ಬೇಡ. ದಿಕ್ಕು, ಕಿಟಕಿ ಎಲ್ಲಿದೆಯೋ ಅದು. ಆ ಅಜ್ಜಿ ಅಡುಗೆಮನೆಯ ಕಟ್ಟೆ ಹಿಡಿದು, ಬೆಳಗ್ಗೆ ಹಾಲು ಕಾಯುವಷ್ಟು ಹೊತ್ತು ಹಿಮ್ಮಡಿ ಎತ್ತಿ ಇಳಿಸುವ ಪದ್ಧತಿ ಮಾಡಿಕೊಂಡರು. ಮೂರನೆಯ ತಿಂಗಳು ಅವರ ಸೊಸೆ ನನಗೆ ಫೋನ್ ಮಾಡಿ, ‘ಅತ್ತೆ ನಿಮ್ಮ ವ್ಯಾಯಾಮದ ಗುಂಗಿನಲ್ಲಿ ವಾರಕ್ಕೆ ಎರಡು ಸಲ ಹಾಲು ಉಕ್ಕಿಸುತ್ತಿದ್ದಾರೆ, ಸರ್’ ಎಂದು ದೂರಿದರು. ಬಚ್ಚಲುಮನೆಯ ಚಿಲಕದ ಬಗ್ಗೆ ವಿಚಾರಿಸಿದೆ. ಒಳಗಿನಿಂದ ಹಾಕಿಕೊಳ್ಳುತ್ತಾರಂತೆ. ಒಲೆಯನ್ನು ಸಣ್ಣ ಉರಿಯಲ್ಲಿಡಲು ಹೇಳಿ ಫೋನ್ ಇಟ್ಟೆ.

ನಮಸ್ಕಾರ.