ಇಪ್ಪತ್ತು ರ‍್ಯಾಂಡ್‌ನ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

2020ರ ಮಾರ್ಚ್ 27ರಂದು ದಕ್ಷಿಣ ಆಫ್ರಿಕಾದಲ್ಲಿ ಲಾಕ್‌ಡೌನ್ ಶುರುವಾಯಿತು. ಅದರ ಜೊತೆಗೇ ಸಿಗರೇಟು ಮಾರಾಟವೂ ನಿಷೇಧವಾಯಿತು. ಆಗಸ್ಟ್ ಮಧ್ಯದವರೆಗೆ, ಹೆಚ್ಚುಕಡಿಮೆ ಐದು ತಿಂಗಳು, ಅಂಗಡಿಯಲ್ಲಿ ಒಂದು ಸಿಗರೇಟೂ ಮಾರುವಂತಿರಲಿಲ್ಲ. ಇದನ್ನು ಪಟ್ಟು ಹಿಡಿದು ಸಮರ್ಥಿಸಿದವರು ಸಚಿವೆ ಎನ್‌ಕೊಸಜಾನಾ ಡ್ಲಾಮಿನಿ-ಜುಮಾ. ಜನ ಕಾಗದಕ್ಕೆ ಎಂಜಲು ಹಚ್ಚಿ ಸುತ್ತಿ, ಒಬ್ಬರು ಸೇದಿದ್ದನ್ನು ಇನ್ನೊಬ್ಬರಿಗೆ ದಾಟಿಸುತ್ತಾರೆ, ಅದರಿಂದ ಸೋಂಕು ಹರಡುತ್ತದೆ ಎಂದು ಅವರು ಹೇಳಿದ್ದೇ ತಡ, ದೇಶವೆಲ್ಲ ನಕ್ಕಿತು. ನಗಲಿ ಬಿಡಿ. ಆದರೆ 1999ರಲ್ಲಿ ಆರೋಗ್ಯ ಸಚಿವೆಯಾಗಿದ್ದಾಗ ತಂಬಾಕು ಜಾಹೀರಾತಿಗೆ ಕಡಿವಾಣ ಹಾಕುವ ಕಾನೂನು ತಂದವರೂ ಅವರೇ.

ನಿಷೇಧದಿಂದ ಆದದ್ದೇನು? ಕೇಪ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕರು ಸೇದುವವರನ್ನೇ ವಿಚಾರಿಸಿದರು. ಚಟ ಬಿಡದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಸಿಗರೇಟು ಕೊಳ್ಳುತ್ತಲೇ ಇದ್ದರು. ಬೆಲೆ ಹಲವು ಪಟ್ಟು ಏರಿತ್ತು. ದುಡ್ಡೆಲ್ಲ ಕಾಳಸಂತೆಗೆ ಹೋಯಿತು, ಖಜಾನೆಗೆ ಬಿಡಿಗಾಸೂ ಬರಲಿಲ್ಲ.

ಈ ಕಾಳಸಂತೆ ಲಾಕ್‌ಡೌನಿನಲ್ಲಿ ಹುಟ್ಟಿದ್ದಲ್ಲ. ಆ ವರ್ಷ ಇಪ್ಪತ್ತು ಸಿಗರೇಟಿನ ಪ್ಯಾಕಿಗೆ ಅಬಕಾರಿ ಸುಂಕ, ಅದರ ಮೇಲಿನ ವ್ಯಾಟ್ ಸೇರಿ 20 ರ‍್ಯಾಂಡ್ (ರ‍್ಯಾಂಡ್ ಎಂದರೆ ಅಲ್ಲಿನ ನಾಣ್ಯ) ಕಟ್ಟಬೇಕಿತ್ತು. ಪ್ಯಾಕೇ ಅದಕ್ಕಿಂತ ಅಗ್ಗಕ್ಕೆ ಸಿಕ್ಕರೆ? ತೆರಿಗೆ ಕಟ್ಟಿಲ್ಲವೆಂದೇ ಅರ್ಥ, ಬೇರೆ ಪುರಾವೆ ಬೇಕಿಲ್ಲ. ಅಂಥ ಪ್ಯಾಕುಗಳು ನಿಷೇಧಕ್ಕೆ ಮುಂಚೆಯೇ ಹಾಡಹಗಲೇ ಬಿಕರಿಯಾಗುತ್ತಿದ್ದವು. ಕಳ್ಳಮಾಲು ಎಂದೊಡನೆ ನಮಗೆ ನೆನಪಾಗುವುದು ಗಡಿ. ಜಿಂಬಾಬ್ವೆಯಿಂದ ಲಿಂಪೊಪೊ ನದಿ ದಾಟಿ ಬರುವ ಮಾಲೂ ಇದೆ, ನಿಜ. ಆದರೆ ಬಹಳಷ್ಟು ಮಾಲು ದೇಶದೊಳಗಿನ, ಪರವಾನಗಿ ಇರುವ ಕಾರ್ಖಾನೆಗಳದ್ದೇ. ತಯಾರಿಸುವುದು ಒಂದಿಷ್ಟು, ಲೆಕ್ಕ ತೋರಿಸುವುದು ಅದಕ್ಕಿಂತ ಕಡಿಮೆ. ಇದನ್ನು ಹಿಡಿಯಬೇಕಾದ ತೆರಿಗೆ ಇಲಾಖೆಯ ತನಿಖಾ ತಂಡಗಳೇ 2014ರ ನಂತರ ಚೆಲ್ಲಾಪಿಲ್ಲಿಯಾದವು. ಇಲಾಖೆ ಒಳಗಿಂದೊಳಗೇ ಹೇಗೆ ಕುಸಿಯಿತು ಎಂಬುದನ್ನು 2018ರಲ್ಲಿ ನಿವೃತ್ತ ನ್ಯಾಯಮೂರ್ತಿ ನ್ಯೂಜೆಂಟ್ ಅವರ ವಿಚಾರಣಾ ಆಯೋಗ ಬಿಚ್ಚಿಟ್ಟಿತು.

ಕಂಪನಿಗಳದ್ದು ಎಂದಿನ ರಾಗ: ತೆರಿಗೆ ಹೆಚ್ಚಾದ್ದರಿಂದಲೇ ಕಳ್ಳದಂಧೆ, ಇಳಿಸಿ. ನಾನಂತೂ ಇದನ್ನು ಒಪ್ಪುವುದಿಲ್ಲ. ಕೀನ್ಯಾವನ್ನು ನೋಡಿ. 2013ರಿಂದ ಅಲ್ಲಿ ಪ್ಯಾಕಿನ ಮೇಲೆ ಎಲೆಕ್ಟ್ರಾನಿಕ್ ಗುರುತಿನ ಸುಂಕದ ಚೀಟಿ ಅಂಟಿಸುತ್ತಾರೆ. ಕಾರ್ಖಾನೆಯಿಂದ ಹೊರಟದ್ದು ಎಷ್ಟು ಎಂಬುದಕ್ಕೆ ಲೆಕ್ಕವಿದೆ. ಅಂಗಡಿಗೆ ಬಂದ ಅಧಿಕಾರಿ ಕೈಯಲ್ಲಿನ ಯಂತ್ರ ಹಿಡಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. ತೆರಿಗೆ ಇಳಿಸದೆಯೇ ಕಳ್ಳ ಸಿಗರೇಟು ಕಡಿಮೆಯಾಯಿತು.

ದಕ್ಷಿಣ ಆಫ್ರಿಕಾಕ್ಕೆ ಈ ದಾರಿ ಗೊತ್ತಿರಲಿಲ್ಲವೆಂದಲ್ಲ. ಇಂಥದೇ ವ್ಯವಸ್ಥೆಗೆ 2019ರಲ್ಲಿ ಅಲ್ಲಿನ ತೆರಿಗೆ ಇಲಾಖೆ ಟೆಂಡರ್ ಕರೆದಿತ್ತು. ಮರುವರ್ಷ, ಸಿಗರೇಟು ನಿಷೇಧಿಸಿದ ಆ 2020ರಲ್ಲೇ, ಅದನ್ನು ರದ್ದು ಮಾಡಿತು.

ನಮಸ್ಕಾರ.