ಪುಟ ಓದಬಲ್ಲ ಜಾಹೀರಾತು

ಕೇಳುಗರಿಗೆ ನಮಸ್ಕಾರ.

ಕಾರ್ತಿಕ ಮಾಸದ ಕೊನೆಯ ಸೋಮವಾರ ಹತ್ತಿರ ಬಂದಿದೆ ಅಂದುಕೊಳ್ಳಿ. ಬಸವನಗುಡಿಯ ಕಡಲೆಕಾಯಿ ಪರಿಷೆಯ ಬಗ್ಗೆ ಒಂದು ಕನ್ನಡ ಲೇಖನವನ್ನು ಮೊಬೈಲಿನಲ್ಲಿ ತೆರೆದಿದ್ದೀರಿ. ದೊಡ್ಡ ಬಸವಣ್ಣ, ರಸ್ತೆಯ ಎರಡೂ ಬದಿ ಕಡಲೆಕಾಯಿ ರಾಶಿ, ಹುರಿದದ್ದು, ಹಸಿಯದು, ಬೇಯಿಸಿದ್ದು. ಎರಡನೇ ಪ್ಯಾರಾ ಮುಗಿಯುವಷ್ಟರಲ್ಲಿ ನಡುವೆ ಒಂದು ಜಾಹೀರಾತು ತೂರಿಕೊಳ್ಳುತ್ತದೆ: ‘ಬಸವನಗುಡಿಯಲ್ಲಿ ಮೂರು ಬೆಡ್‌ರೂಮಿನ ಫ್ಲಾಟ್, ಇಂದೇ ಬುಕ್ ಮಾಡಿ.’ ಪರಿಷೆಗೆ ಹೊರಟವರು ಹಾದಿಯಲ್ಲಿ ಫ್ಲಾಟ್ ಕೊಳ್ಳುವುದಿಲ್ಲ. ಆದರೂ ಜಾಹೀರಾತು ಆರಿಸುವ ಯಂತ್ರಕ್ಕೆ ಹಾಗೆ ಅನ್ನಿಸಿತು. ಯಾಕೆ ಅನ್ನಿಸಿತು, ಅದನ್ನು ತಿದ್ದುವುದು ಹೇಗೆ ಅನ್ನುವುದು ಇವತ್ತಿನ ಮಾತು.

ಅಂತರ್ಜಾಲದ ಜಾಹೀರಾತಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ನಿಮ್ಮ ಬೆನ್ನು ಹತ್ತುವಂಥದ್ದು. ನಿನ್ನೆ ಚಪ್ಪಲಿ ನೋಡಿದ್ದಿರಿ, ಇವತ್ತು ಎಲ್ಲಿ ಹೋದರೂ ಚಪ್ಪಲಿಯೇ. ಇನ್ನೊಂದಕ್ಕೆ ನೀವು ಯಾರೆಂಬುದು ಬೇಕಿಲ್ಲ, ತೆರೆದ ಪುಟದಲ್ಲಿ ಏನಿದೆ ಎಂಬುದಷ್ಟೇ ಸಾಕು. ದೊಡ್ಡಾಸ್ಪತ್ರೆಯ ಮುಂದೆ ಎಳನೀರು, ಮೂಸಂಬಿ, ಫ್ಲಾಸ್ಕ್ ಇಟ್ಟುಕೊಂಡು ಕೂತವರು ಒಳಗೆ ಹೋಗುವವರ ಹೆಸರು ವಿಚಾರಿಸುತ್ತಾರೆಯೆ? ಜಾಗ ನೋಡಿ ಸರಕು ಇಡುತ್ತಾರೆ, ಅಷ್ಟೆ. ಬೇರೆಯವರ ಜಾಲತಾಣಗಳಲ್ಲಿ ಜಾಹೀರಾತು ತೋರಿಸುವ ಗೂಗಲ್ ಆಡ್‌ಸೆನ್ಸ್ ಸೇವೆ 2003ರಲ್ಲಿ ಶುರುವಾದದ್ದು ಈ ಎರಡನೇ ಬಗೆಯಲ್ಲೇ. ಬೆನ್ನು ಹತ್ತುವ ವಿದ್ಯೆ ಆಮೇಲೆ ಬೆಳೆದು ಇದನ್ನು ಮೂಲೆಗೆ ತಳ್ಳಿತು. ಈಗ ಗಾಳಿ ಮತ್ತೆ ತಿರುಗಿದೆ. ನೀವು ತೆರೆದ ತಾಣವಲ್ಲದೆ ಬೇರೆ ತಾಣಗಳು ನಿಮ್ಮ ಜಾಡು ಹಿಡಿಯಲು ಇಡುವ ಕುಕೀ ಎಂಬ ಪುಟ್ಟ ಕಡತಗಳನ್ನು ಆಪಲ್‌ನ ಸಫಾರಿ ಬ್ರೌಸರ್ 2020ರಲ್ಲೇ ಪೂರ್ತಿ ತಡೆಯಿತು. ಮಕ್ಕಳ ಜಾಡು ಹಿಡಿದು ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸಬಾರದು ಎಂದು ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಹಾಗಾಗಿ ಪುಟವನ್ನು ಸರಿಯಾಗಿ ಓದುವ ಯಂತ್ರಕ್ಕೆ ಬೆಲೆ ಬಂದಿದೆ. ನಮ್ಮ ತೊಂದರೆ ಏನೆಂದರೆ, ಅದು ಕನ್ನಡ ಪುಟವನ್ನು ಓದುವ ರೀತಿ ಇನ್ನೂ ಅರೆಬರೆ.

ಹಳೆಯ ವಿಧಾನ ಪದಗಳನ್ನು ಎಣಿಸುವುದು. ಬರೀ ಎಣಿಸಿದರೆ ‘ಮತ್ತು’, ‘ಹೇಳಿದರು’ ಇವೇ ಗೆದ್ದುಬಿಡುತ್ತವೆ. ಎಲ್ಲ ಪುಟಗಳಲ್ಲೂ ಸಿಗುವ ಪದಕ್ಕೆ ತೂಕ ಕಡಿಮೆ, ಅಪರೂಪದ ಪದಕ್ಕೆ ತೂಕ ಹೆಚ್ಚು ಎಂಬ ಲೆಕ್ಕವನ್ನು 1972ರಲ್ಲಿ ಕ್ಯಾರೆನ್ ಸ್ಪಾರ್ಕ್ ಜೋನ್ಸ್ ಎಂಬ ಬ್ರಿಟಿಷ್ ವಿಜ್ಞಾನಿ ಮುಂದಿಟ್ಟರು. ಹುಡುಕಾಟದ ತಂತ್ರಾಂಶಗಳು ಬಹುಕಾಲ ಇದೇ ಲೆಕ್ಕದ ಮೇಲೆ ನಡೆದವು. ಇದರ ಪ್ರಕಾರ ನಮ್ಮ ಲೇಖನದಲ್ಲಿ ‘ಪರಿಷೆ’ ಗೆಲ್ಲಬೇಕು. ಗೆಲ್ಲುವುದಿಲ್ಲ. ಕನ್ನಡದಲ್ಲಿ ಪರಿಷೆ, ಪರಿಷೆಗೆ, ಪರಿಷೆಯಲ್ಲಿ, ಪರಿಷೆಯಿಂದ, ಪರಿಷೆಯೆಂದರೆ, ಹೀಗೆ ಪದಕ್ಕೆ ಬಾಲ ಬೆಳೆಯುತ್ತಲೇ ಹೋಗುತ್ತದೆ. ಯಂತ್ರಕ್ಕೆ ಇವು ಐದು ಬೇರೆ ಬೇರೆ ಪದಗಳು. ಐದು ಕಡೆ ಹಂಚಿಹೋದ ತೂಕ ಯಾವುದಕ್ಕೂ ಸಾಲುವುದಿಲ್ಲ. ಮೇಲಿಂದ ಕಡಲೆಕಾಯಿಯನ್ನು ಒಬ್ಬರು ಕಡ್ಲೆಕಾಯಿ ಅಂತ ಬರೆಯುತ್ತಾರೆ, ಉತ್ತರ ಕರ್ನಾಟಕದವರು ಶೇಂಗಾ ಅನ್ನುತ್ತಾರೆ, ಕೃಷಿ ಬರಹದಲ್ಲಿ ಅದು ನೆಲಗಡಲೆ. ಬಸವನಗುಡಿ ಮಾತ್ರ ಚೆನ್ನಾಗಿ ಕಣ್ಣಿಗೆ ಬೀಳುತ್ತದೆ, ಏಕೆಂದರೆ ಬೆಂಗಳೂರಿನ ಬಡಾವಣೆಗಳ ಹೆಸರನ್ನು ಮನೆ ಮಾರುವವರು ಮೊದಲೇ ಪಟ್ಟಿ ಮಾಡಿ ದುಡ್ಡು ಕಟ್ಟಿರುತ್ತಾರೆ.

ಇದಕ್ಕೆ ಮದ್ದು ಇಲ್ಲದೇ ಇಲ್ಲ. ಪದವನ್ನು ಇಡಿಯಾಗಿ ನುಂಗದೆ ಚಿಕ್ಕ ಚಿಕ್ಕ ತುಂಡುಗಳಾಗಿ ನೋಡುವ ಫಾಸ್ಟ್‌ಟೆಕ್ಸ್ಟ್ ಎಂಬ ತಂತ್ರಾಂಶ 2016ರಲ್ಲಿ ಬಂತು. ವಿಭಕ್ತಿಗಳು ಅಂಟಿಕೊಳ್ಳುವ ನಮ್ಮಂಥ ಭಾಷೆಗೆ ಹೇಳಿಮಾಡಿಸಿದ ದಾರಿ ಅದು. ಭಾರತೀಯ ಭಾಷೆಗಳಿಗೆ ತಂತ್ರಜ್ಞಾನ ಕಟ್ಟುವ ಎಐ4ಭಾರತ್ ತಂಡ 2020ರಲ್ಲಿ ಹೊರತಂದ ಇಂಡಿಕ್‌ಬರ್ಟ್ ಎಂಬ ಭಾಷಾ ಮಾದರಿ ಕನ್ನಡವನ್ನೂ ಒಳಗೊಂಡಿದೆ. ಪದದ ಅಕ್ಕಪಕ್ಕ ನೋಡಿ ಅರ್ಥ ಹಿಡಿಯುವ ಇಂಥ ಮಾದರಿಗಳಿಗೆ ಶೇಂಗಾ ಮತ್ತು ಕಡಲೆಕಾಯಿ ನೆಂಟರು ಎಂಬುದು ಗೊತ್ತಾಗಬಲ್ಲದು.

ತಪ್ಪೆಲ್ಲ ಯಂತ್ರದ್ದೇ ಅಲ್ಲ, ಪುಟ ಕಟ್ಟುವವರದ್ದೂ ಇದೆ. ಒಂದು ಸುದ್ದಿಪುಟದಲ್ಲಿ ಸುದ್ದಿ ನಾಲ್ಕು ಪ್ಯಾರಾ ಇದ್ದರೆ, ಅದರ ಸುತ್ತ ಕ್ರಿಕೆಟ್, ಚಿನ್ನದ ದರ, ರಾಶಿಫಲ, ‘ಇದನ್ನೂ ಓದಿ’ ಅಂತ ಹತ್ತಾರು ತಲೆಬರಹ. ಎಲ್ಲವನ್ನೂ ಒಟ್ಟಿಗೆ ಓದಿದ ಯಂತ್ರ ಗಲಿಬಿಲಿಯಾಗದೆ ಇನ್ನೇನಾಗುತ್ತದೆ? ಇಲ್ಲಿಂದ ಇಲ್ಲಿಯವರೆಗೆ ಮಾತ್ರ ಓದು ಎಂದು ಸೂಚಿಸಲು ಆಡ್‌ಸೆನ್ಸ್ ಒಂದು ಕಾಲದಲ್ಲಿ ಗುರುತು ಹಾಕುವ ಸೌಲಭ್ಯ ಕೊಟ್ಟಿತ್ತು. ಈಗ ಜಾಲಪುಟ ಕಟ್ಟುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲೇ ಲೇಖನಕ್ಕೆ, ಪಕ್ಕದ ಪಟ್ಟಿಗೆ, ಮೆನುವಿಗೆ ಬೇರೆ ಬೇರೆ ಟ್ಯಾಗ್‌ಗಳು, ಅಂದರೆ ಗುರುತುಗಳು, ಇವೆ. ಹಾಕಿದರೆ ಖರ್ಚೇನೂ ಇಲ್ಲ. ಸುದ್ದಿಯನ್ನು ಪೋಸ್ಟರಿನಂತೆ ಚಿತ್ರ ಮಾಡಿ ಹಾಕಿದರೆ ಅದರೊಳಗಿನ ಅಕ್ಷರ ಯಂತ್ರಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಹಳೆಯ ಫಾಂಟುಗಳ ಕಥೆ ಇನ್ನೂ ಕಷ್ಟ. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಕನ್ನಡ ಕಡತಗಳು ತೆರೆಯ ಮೇಲೆ ಚಂದದ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಗೋಜಲು. ಅವನ್ನು ಯೂನಿಕೋಡ್‌ಗೆ ಪರಿವರ್ತಿಸದ ಹೊರತು ಆ ಪುಟದಲ್ಲಿ ಕನ್ನಡ ಇದೆ ಎಂಬುದೇ ಯಂತ್ರಕ್ಕೆ ತಿಳಿಯುವುದಿಲ್ಲ.

ಇಷ್ಟೆಲ್ಲ ಸರಿಹೋಗಿ ವಿಷಯ ಹೊಂದಿತು ಅಂದುಕೊಳ್ಳೋಣ. ಅಲ್ಲಿಗೇ ಮುಗಿಯಿತು ಅನ್ನುವವರ ಜತೆ ನನ್ನ ತಕರಾರು. 2022ರ ಸೆಪ್ಟೆಂಬರಿನ ಮಳೆಗೆ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಕಡೆ ನೀರು ನುಗ್ಗಿತ್ತಲ್ಲ, ಅಂಥ ಸುದ್ದಿಯ ಪಕ್ಕದಲ್ಲಿ ‘ಕೆರೆಯ ನೋಟವಿರುವ ಅಪಾರ್ಟ್‌ಮೆಂಟ್’ ಎಂಬ ಜಾಹೀರಾತು ಬಂದರೆ? ಕೆರೆ ಇದೆ, ಅಪಾರ್ಟ್‌ಮೆಂಟ್ ಇದೆ, ಬಡಾವಣೆಯೂ ಅದೇ. ಯಂತ್ರದ ಲೆಕ್ಕದಲ್ಲಿ ನೂರಕ್ಕೆ ನೂರು. ಓದುವವರ ಮನೆಯಲ್ಲಿ ಮಾತ್ರ ಮೊಣಕಾಲುದ್ದ ನೀರು. ಇದು ಹೊಸ ರೋಗವೂ ಅಲ್ಲ. 2003ರಲ್ಲೇ ನ್ಯೂಯಾರ್ಕ್‌ನ ಪತ್ರಿಕೆಯೊಂದರ ಜಾಲತಾಣದಲ್ಲಿ, ಕೊಲೆಯಾದವರ ದೇಹವನ್ನು ಸೂಟ್‌ಕೇಸಿನಲ್ಲಿ ತುಂಬಿದ್ದ ಸುದ್ದಿಯ ಪಕ್ಕ ಸೂಟ್‌ಕೇಸ್ ಮಾರಾಟದ ಜಾಹೀರಾತು ಬಂದಿತ್ತು.

ಕಂಪನಿಗಳು ಇದಕ್ಕೆ ಕಂಡುಕೊಂಡ ಸುಲಭದ ಉಪಾಯ, ಕೆಟ್ಟ ಪದಗಳ ಪಟ್ಟಿ. ಆ ಪದ ಕಂಡರೆ ಜಾಹೀರಾತು ಬೇಡ. 2020ರಲ್ಲಿ ಹಲವು ಜಾಹೀರಾತುದಾರರು ‘ಕೊರೊನಾವೈರಸ್’ ಪದವನ್ನೇ ಪಟ್ಟಿಗೆ ಸೇರಿಸಿದರು. ಜನ ಅತಿ ಹೆಚ್ಚು ಓದುತ್ತಿದ್ದ ಪುಟಗಳಿಗೇ ಆದಾಯ ಕೈತಪ್ಪಿತು. ಕನ್ನಡದಲ್ಲಿ ಈ ಉಪಾಯ ಇನ್ನಷ್ಟು ಅಧ್ವಾನ. ಸಾವಿನ, ಸಾವಿಗೆ, ಸಾವಿನಿಂದ ಎಲ್ಲವನ್ನೂ ಹಿಡಿಯಬೇಕೆಂದು ‘ಸಾವಿ’ಯಿಂದ ಶುರುವಾಗುವ ಪದಗಳನ್ನೆಲ್ಲ ತಡೆದರೆ ಸಾವಿರ ರೂಪಾಯಿಯೂ ಹೋಯಿತು, ಸಾವಿತ್ರಮ್ಮನೂ ಹೋದರು. ಪದವನ್ನಲ್ಲ, ಬರಹದ ಧಾಟಿಯನ್ನು ಗುರುತಿಸಬೇಕು. ಇದು ದುಃಖದ ಸುದ್ದಿಯೋ, ಹಬ್ಬದ ಸಡಗರವೋ, ತಮಾಷೆಯೋ. ಅದನ್ನು ಕಲಿಸಲು ಕನ್ನಡ ಬಲ್ಲವರೇ ಕೂತು ಸಾವಿರಾರು ಪುಟಗಳಿಗೆ ಗುರುತು ಹಾಕಬೇಕು. ಸಾಫ್ಟ್‌ವೇರಿಗೆ ಹೆಸರಾದ ಈ ಊರಿನಲ್ಲಿ ಅದಕ್ಕೆ ಜನ ಸಿಗುವುದು ಕಷ್ಟವಾಗಬಾರದು.

ಇನ್ನೊಂದು ಸಂಗತಿ. ಪ್ರತಿ ಜಾಹೀರಾತಿನ ಹಿಂದೆ ಕ್ಷಣಾರ್ಧದಲ್ಲಿ ಮುಗಿಯುವ ಒಂದು ಹರಾಜಿದೆ. ಅಲ್ಲಿ ಹೊಂದಿಕೆಯ ಜತೆಗೆ ದುಡ್ಡೂ ಮಾತಾಡುತ್ತದೆ. ಚಿಕ್ಕಪೇಟೆಯ ಸೀರೆ ಅಂಗಡಿಯವರು, ಗಾಂಧಿ ಬಜಾರಿನ ತಿಂಡಿಯವರು ಹರಾಜಿಗೇ ಇಳಿಯದಿದ್ದರೆ ಎಂಥ ಜಾಣ ಯಂತ್ರವಾದರೂ ಸಾಲ, ಫ್ಲಾಟು, ಆನ್‌ಲೈನ್ ಆಟ ಇವುಗಳಲ್ಲೇ ಒಂದನ್ನು ಆರಿಸಬೇಕು.

ತಿದ್ದಿದ್ದು ಫಲಿಸಿತೋ ಇಲ್ಲವೋ ತಿಳಿಯಲು ಕಂಪನಿಗಳು ಕ್ಲಿಕ್ ಎಣಿಸುತ್ತವೆ. ನನಗೆ ಅದರಲ್ಲಿ ನಂಬಿಕೆ ಕಡಿಮೆ. ಬಿಎಂಟಿಸಿ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನು ಹಿಡಿದು ನಿಂತವರ ಹೆಬ್ಬೆರಳು ಬ್ರೇಕ್ ಹಾಕಿದಾಗ ಎಲ್ಲಿ ಬೀಳುತ್ತದೋ ಯಾರು ಬಲ್ಲರು, ಅದೂ ಒಂದು ಕ್ಲಿಕ್ಕೇ. ಅದರ ಬದಲು ಕೆಲವು ನೂರು ಕನ್ನಡ ಪುಟಗಳನ್ನು, ಅವುಗಳ ಜಾಹೀರಾತಿನ ಸಮೇತ, ಮಾಮೂಲಿ ಓದುಗರ ಮುಂದೆ ಇಡಿ. ಹೊಂದುತ್ತದೆ, ಹೊಂದುವುದಿಲ್ಲ, ಇಲ್ಲಿ ಇದು ಇರಲೇಬಾರದಿತ್ತು ಎಂದು ಮೂರು ಗುಂಪು ಮಾಡಲು ಹೇಳಿ. ಎರಡನೇ ಗುಂಪು ನಿಧಾನವಾಗಿ ಕರಗಿದರೂ ನಡೆದೀತು, ಮೂರನೆಯದನ್ನು ಮೊದಲು ಖಾಲಿ ಮಾಡಬೇಕು.

ನಮಸ್ಕಾರ.